ಮಾಳಿಗೆ ಮೇಲಿನ ನಗು

ಕಾರ್ತಿಕದ ರಾತ್ರಿ ಗಂಗಾವತಿ ಸೀಮೆಯ ಹಳ್ಳಿಯಲ್ಲಿ ಕಾರ್ಯಕ್ರಮ ಅಂದರೆ ಮೊದಲ ಮಾತು ಹುಳದ್ದು. ಭತ್ತ ತೆನೆ ಬಿಟ್ಟು ನಿಂತಿರುತ್ತದೆ. ಗದ್ದೆಯೊಳಗಿನ ಸಣ್ಣ ಹಸಿರು ಹುಳ ಬೆಳಕು ಕಂಡಲ್ಲಿಗೆ ಬಂದು ಮುತ್ತುತ್ತವೆ. ಮೈಕಿನ ಮುಂದೆ ಬಾಯಿ ತೆರೆದರೆ ನಾಲಿಗೆ ಮೇಲೆ, ಕಣ್ಣಲ್ಲಿ, ಕೊರಳ ಹಾರದಲ್ಲಿ ಎಲ್ಲ ಹುಳ. 2024ರ ನವೆಂಬರಿನಲ್ಲಿ ಕಾರಟಗಿ ಕಡೆಯ ಒಂದು ಹಳ್ಳಿಗೆ ಹಾಸ್ಯ ಕಾರ್ಯಕ್ರಮಕ್ಕೆ ಹೋಗಿದ್ದೆ. ಹನುಮಪ್ಪನ ಗುಡಿ ಮುಂದಿನ ವೇದಿಕೆಯ ದೊಡ್ಡ ಲೈಟುಗಳನ್ನೆಲ್ಲ ಆರಿಸಿ, ದೂರದ ಕಂಬಕ್ಕೆ ಒಂದೇ ಬಲ್ಬು ಉರಿಯಬಿಟ್ಟರು. ಹುಳ ಅತ್ತ ಹೋದವು. ನಾನು ಕತ್ತಲಲ್ಲಿ ನಿಂತೆ.

ಆ ವರ್ಷ ಆ ಊರು ಕಾರ್ತಿಕವನ್ನು ಜೋರಾಗಿ ಮಾಡಲು ಕಾರಣವಿತ್ತು. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಹೋದಾಗ, ಎಡದಂಡೆ ಕಾಲುವೆ ನಂಬಿದ ಮನೆಗಳಲ್ಲಿ ಯಾರಿಗೂ ಊಟ ಸೇರಿರಲಿಲ್ಲ. ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂತು, ಉಳಿದ ನೀರು ನಿಂತು, ಬೆಳೆ ಕೈಗೆ ಬರುವಂತಾಯಿತು. “ಈ ಸಲ ನಕ್ಕೊಂತ ದೀಪ ಹಚ್ಚೂಣ್ರಿ ಅಕ್ಕಾರ, ನೀವು ಬರಲೇಬೇಕ್ರಿ” ಎಂದು ಊರಿನ ಹುಡುಗರು ಫೋನ್ ಮಾಡಿದ್ದರು.

ಕಾರ್ಯಕ್ರಮದ ದಿನ ಬೆಳಗ್ಗೆ ಬೆಂಗಳೂರಿನಿಂದಲೂ ಫೋನ್ ಬಂತು, ಧಾರಾವಾಹಿಯ ಮ್ಯಾನೇಜರದ್ದು. ನಾನು ಮಾಡಿದ್ದ ಅಡುಗೆಯವಳ ಪಾತ್ರ ಮತ್ತೆ ತರುತ್ತಾರಂತೆ, ಹತ್ತು ದಿನದ ಶೆಡ್ಯೂಲ್. “ಸೇಮ್ ಸ್ಲ್ಯಾಂಗ್ ಇರಲಿ ಮೇಡಂ, ಅದೇ ವರ್ಕೌಟ್ ಆಗಿರೋದು.” ನಾಳೆ ಹೇಳುತ್ತೇನೆ ಎಂದು ಇಟ್ಟೆ.

ನನಗೆ ಹಾಸ್ಯ ಸಿಕ್ಕಿದ್ದು ಅಪ್ಪನ ಟ್ರ್ಯಾಕ್ಟರಿನಲ್ಲಿ. ಟೇಪ್‌ನಲ್ಲಿ ಗಂಗಾವತಿ ಪ್ರಾಣೇಶರ ಕ್ಯಾಸೆಟ್ ಹಾಕಿಕೊಂಡೇ ಅಪ್ಪ ಗದ್ದೆಗೆ ಹೋಗುತ್ತಿದ್ದ. ಹಾಸ್ಯ ಸಾಹಿತಿ ಬೀಚಿಯವರ ತಿಂಮ ನನಗೆ ಪುಸ್ತಕದಿಂದ ಗೊತ್ತಾದವನಲ್ಲ, ಆ ಕ್ಯಾಸೆಟ್ಟಿನಿಂದ ಗೊತ್ತಾದವನು. ಬೀಚಿ 1913ರಲ್ಲಿ ಹುಟ್ಟಿದ ಹರಪನಹಳ್ಳಿ ಆಗ ಬಳ್ಳಾರಿ ಜಿಲ್ಲೆಯೊಳಗೇ ಇತ್ತು, ಹಾಗಾಗಿ ಅದು ನಮ್ಮ ಮಣ್ಣಿನ ನಗು ಎಂದು ಅಪ್ಪನಿಗೆ ಹೆಮ್ಮೆ. ಆದರೆ ನಾನು ಆಗಲೇ ಗಮನಿಸಿದ್ದೊಂದಿತ್ತು. ನಾನು ಕೇಳುತ್ತಿದ್ದ ಜೋಕುಗಳಲ್ಲೆಲ್ಲ ಹೆಂಡತಿ ಇರುತ್ತಿದ್ದಳು, ಅತ್ತೆ ಇರುತ್ತಿದ್ದಳು. ಅವರ ಪರವಾಗಿ ಮಾತಾಡುವವರು ಮಾತ್ರ ಗಂಡಸರು. ಉದಯ ಟಿ.ವಿ.ಯಲ್ಲಿ ಹಿರೇಮಗಳೂರು ಕಣ್ಣನ್ ಅವರು ನಡೆಸಿಕೊಡುತ್ತಿದ್ದ ಹರಟೆಯಲ್ಲಿ ಸುಧಾ ಬರಗೂರು, ಇಂದುಮತಿ ಸಾಲಿಮಠ ಅವರು ಗಂಡಸರ ಎದುರು ಕೂತು ಮಾತಿಗೆ ಮಾತು ಕೊಡುವುದನ್ನು ನೋಡಿದ ಮೇಲೆ ಮನಸ್ಸಿನಲ್ಲಿ ಒಂದು ಬಾಗಿಲು ತೆರೆಯಿತು. ಹೆಣ್ಣುಮಗಳು ಸೀರೆ ಉಟ್ಟು, ಎದ್ದು ನಿಂತು, ತನ್ನ ಮಾತಿನಿಂದ ಒಂದು ಸಭೆಯನ್ನು ನಗಿಸಬಹುದು ಎಂಬುದನ್ನು ನನಗೆ ಅದಕ್ಕೂ ಮೊದಲು ಯಾರೂ ತೋರಿಸಿರಲಿಲ್ಲ.

2013ರಲ್ಲಿ ಗಣೇಶನ ಪೆಂಡಾಲಿನಲ್ಲಿ ಮೊದಲ ಸಲ ಮಾತಾಡಿದೆ. ಮುಂದಿನ ಸಾಲಿನ ಹಿರಿಯರೊಬ್ಬರು “ಹೆಣ್ಣುಮಗಳು, ಭಾವಗೀತೆ ಹಾಡಲಿ ಬಿಡ್ರಿ” ಅಂದದ್ದು ಮೈಕಿನಲ್ಲೇ ಕೇಳಿಸಿತು. ಅಪ್ಪ ಹಿಂದೆ ಜನರೇಟರ್ ಹತ್ತಿರ ನಿಂತಿದ್ದ, ಮುಖದಲ್ಲಿ ಏನೂ ಇರಲಿಲ್ಲ. ಮನೆಗೆ ಬಂದ ಮೇಲೆ ನಾನು ಹೇಳಿದ್ದನ್ನೇ ಅವ್ವನ ಮುಂದೆ ಹಿಂದುಮುಂದಾಗಿ ಹೇಳಿ, ಹೇಳಿ ಮುಗಿಸುವ ಮೊದಲೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಆಮೇಲಿನ ಹತ್ತು ವರ್ಷ ಜಾತ್ರೆ, ಕಾಲೇಜಿನ ಗ್ಯಾದರಿಂಗ್, ಮಹಿಳಾ ಸಂಘದ ವಾರ್ಷಿಕೋತ್ಸವ ಎಂದು ಸುತ್ತಿದೆ. ಬಸ್ ಚಾರ್ಜು, ಶಾಲು, ಒಂದು ಲಕೋಟೆ. ಹುಬ್ಬಳ್ಳಿಯಲ್ಲಿ ಕೊಟ್ಟ ಆಡಿಷನ್‌ನಿಂದ ಒಂದು ಕಾಮಿಡಿ ಶೋದಲ್ಲಿ ನಾಲ್ಕು ವಾರ ಬಂದೆ, ಅಲ್ಲಿಂದ ಧಾರಾವಾಹಿ.

ಧಾರಾವಾಹಿಯ ಕೆಲಸವನ್ನು ಹಗುರವಾಗಿ ಮಾತಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬೆಳಗ್ಗೆ ಏಳಕ್ಕೆ ಮೇಕಪ್, ರಾತ್ರಿ ಒಂಬತ್ತಕ್ಕೆ ಪ್ಯಾಕಪ್. ಸೀನ್ ಪೇಪರ್ ಕೈಗೆ ಬರುವುದೇ ಶಾಟ್‌ಗೆ ಅರ್ಧ ಗಂಟೆ ಮುಂಚೆ. ಕ್ಯಾಮೆರಾ ಹಿಂದಿನಿಂದ ಸಹಾಯಕ ನಿರ್ದೇಶಕ ಪ್ರಾಂಪ್ಟ್ ಮಾಡುತ್ತಾನೆ. ಅವನ ಮಾತು ಕಿವಿಗೆ ಬೀಳುತ್ತಿರುವಾಗಲೇ ಅದು ನನ್ನದೇ ಮಾತು ಎಂಬಂತೆ ಮುಖದಲ್ಲಿ ಹುಟ್ಟಬೇಕು. ಸೀರೆ, ಬಳೆ ನಮ್ಮವೇ. ಹಣ ಬರುವುದು ಎರಡು ಮೂರು ತಿಂಗಳು ಬಿಟ್ಟು. ಇದೆಲ್ಲ ನನಗೆ ಭಾರ ಅನಿಸಲಿಲ್ಲ, ಕಲಿತೆ.

ಭಾರ ಅನಿಸಿದ್ದು ಮಾತು. ರಾಯಚೂರಿನ ಕಡೆ ‘ಅದ’ ಅನ್ನುತ್ತೇವೆ, ಕೊಪ್ಪಳದ ಕಡೆ ‘ಐತಿ’, ಬಳ್ಳಾರಿಗೆ ಹೋದರೆ ‘ಐತೆ’. ಒಂದೇ ಮಾತಿಗೆ ಎಷ್ಟು ಊರು! ನನ್ನ ಪಾತ್ರದ ಸಂಭಾಷಣೆಯಲ್ಲಿ ಈ ಮೂರೂ ಒಂದೇ ಸಾಲಿನಲ್ಲಿ ಇರುತ್ತಿದ್ದವು, ಮೇಲೆ ಪ್ರತಿ ವಾಕ್ಯಕ್ಕೆ ಒಂದು ‘ಲೇ’. “ಮನೆ ಯಜಮಾನರಿಗೆ ನಮ್ಮಲ್ಲಿ ಯಾರೂ ಲೇ ಅನ್ನೂದಿಲ್ರಿ ಸರ್, ಹೆಜ್ಜೆಗೊಂದು ‘ರೀ’ ಹಚ್ಚಿ ಮಾತಾಡ್ತೀವ್ರಿ” ಎಂದೆ. “ಜನಕ್ಕೆ ಅದೇ ಇಷ್ಟ ಮೇಡಂ, ಇನ್ನೂ ಸ್ವಲ್ಪ ಜೋರಾಗಿ” ಅಂದರು. ನಾನು ಜೋರಾಗಿಯೇ ಹೇಳಿದೆ. ಅಡುಗೆಯವಳು ಜಾಣೆ, ಅವಳ ಮಾತಿನಲ್ಲಿ ನಗುವುದಕ್ಕೆ ಬೇಕಾದಷ್ಟು ಇತ್ತು. ಆದರೆ ಅವಳು ಏನು ಹೇಳಿದಳು ಎಂಬುದಕ್ಕೆ ಯಾರೂ ನಗುತ್ತಿರಲಿಲ್ಲ. ಅವಳು ಎಲ್ಲಿಯವಳು ಎಂಬುದಕ್ಕೆ ನಗುತ್ತಿದ್ದರು. ಆ ನಗುವಿಗೆ ನನ್ನ ದನಿ ಕೊಟ್ಟೆ ಎಂಬ ನೋವು ನನಗೆ ಇಂದಿಗೂ ಇದೆ.

ಶೂಟಿಂಗಿಗೆ ಮೆಟ್ರೊದಲ್ಲಿ ಹೋಗುತ್ತಿದ್ದೆ. ಮುಂದಿನ ನಿಲ್ದಾಣ ಯಾವುದೆಂದು ಹೇಳುವ ಆ ತಿಳಿಯಾದ ದನಿ ಅಪರ್ಣಾ ಅವರದು. ದೂರದರ್ಶನದ ಕಾಲದಿಂದ ಅಚ್ಚುಕಟ್ಟಾದ ನಿರೂಪಣೆಗೆ ಹೆಸರಾದವರು, ಮಜಾ ಟಾಕೀಸ್‌ನಲ್ಲಿ ವರಲಕ್ಷ್ಮಿಯಾಗಿ ಬಂದು ಇಡೀ ನಾಡನ್ನು ನಗಿಸಿದರು. 2024ರ ಜುಲೈ 11ರಂದು ಅವರು ತೀರಿಕೊಂಡರು. ಮರುದಿನ ಮೆಟ್ರೊ ಹತ್ತಿದರೆ ಅದೇ ದನಿ, ಅದೇ ಸ್ಪಷ್ಟ ಕನ್ನಡ. ಕಂಬಿ ಹಿಡಿದು ನಿಂತಿದ್ದವಳು ಇಳಿಯಬೇಕಾದಲ್ಲಿ ಇಳಿಯದೆ ಮುಂದೆ ಹೋದೆ. ಉಮಾಶ್ರೀ ಅವರನ್ನೂ ಆ ದಿನಗಳಲ್ಲಿ ಬಹಳ ನೆನೆದೆ. ರಂಗಭೂಮಿಯಿಂದ ಬಂದು, ಸಿನಿಮಾದವರು ಕೊಟ್ಟ ಹಾಸ್ಯದ ಪಾತ್ರಗಳನ್ನು ವರ್ಷಗಟ್ಟಲೆ ಮಾಡಿ, 2008ರ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದವರು ಅವರು. ಅಷ್ಟು ವರ್ಷ ಒಳಗಿನ ನಟಿಯನ್ನು ಹೇಗೆ ಕಾಪಾಡಿಕೊಂಡರು ಎಂದು ಕೇಳಬೇಕೆನಿಸುತ್ತಿತ್ತು.

ಇಷ್ಟನ್ನೂ ಹೊತ್ತುಕೊಂಡೇ ಆ ರಾತ್ರಿ ಮೈಕ್ ಹಿಡಿದದ್ದು. ನಿರೂಪಕ ಹುಡುಗ ನನ್ನನ್ನು ಟೀವಿಯವರು ಎಂದೇ ಕರೆದ. ಮುಂದೆ ಕೂತ ಹುಡುಗರು “ಲೇ ಅನ್ರಿ ಅಕ್ಕಾರ, ಲೇ ಅನ್ರಿ” ಎಂದು ಕೂಗಿದರು. ಅಂದೆ. ಧಾರಾವಾಹಿಯ ದನಿಯಲ್ಲೇ ಐದು ನಿಮಿಷ ಮಾತಾಡಿದೆ. ನಗು ಬಂತು.

ಕತ್ತಲಲ್ಲಿ ಮುಖ ಕಾಣದಿದ್ದಾಗ ಕಿವಿ ಚುರುಕಾಗುತ್ತದೆ. ಗಂಡಸರ ನಗು ಪಟಾಕಿ ಹಚ್ಚಿದಂತೆ ಒಮ್ಮೆಲೇ ಸಿಡಿದು ನಿಲ್ಲುತ್ತದೆ. ಹೆಂಗಸರದು ತಡ, ಸೆರಗಿನೊಳಗೆ ಹುಟ್ಟಿ, ಪಕ್ಕದವಳ ಭುಜಕ್ಕೆ ತಾಗಿ, ಹಾಗೇ ಹರಡುತ್ತದೆ, ಮುಂದಿನ ಮಾತಿನ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತದೆ. ಆ ಊರಲ್ಲಿ ಹೆಂಗಸರು ಕೂತಿದ್ದು ಸುತ್ತಲಿನ ಮಾಳಿಗೆಗಳ ಮೇಲೆ. ಐದು ನಿಮಿಷವಾದರೂ ಅಲ್ಲಿಂದ ಒಂದು ಸದ್ದಿಲ್ಲ. ಮುಂದಿನ ಹುಡುಗರ ಚಪ್ಪಾಳೆಗಿಂತ ಆ ಮೌನವೇ ನನಗೆ ಜೋರಾಗಿ ಕೇಳಿಸಿತು.

ನಿಲ್ಲಿಸಿದೆ. ನೀರು ಕುಡಿದೆ. ಮುಖ ಎತ್ತಿ ಮಾಳಿಗೆ ಕಡೆ ತಿರುಗಿ, ಮನೆಯಲ್ಲಿ ಅವ್ವನ ಜೊತೆ ಹೇಗೆ ಮಾತಾಡುತ್ತೇನೋ ಹಾಗೆ ಶುರು ಮಾಡಿದೆ. “ಯವ್ವಾ, ನಮ್ಮ ಓಣ್ಯಾಗ ಎಂಟು ದಿನಕ್ಕೊಮ್ಮೆ ನಳ ಬರ್ತಾವ. ಮೊನ್ನೆ ನಮ್ಮ ಕಾಕಾನ ಮಗಳನ್ನ ನೋಡಾಕ ಬೀಗರು ಬಂದಿದ್ರು.” ಬೀಗರ ಕೈಯಲ್ಲಿ ಉಪ್ಪಿಟ್ಟಿನ ತಾಟು. ಅಷ್ಟರಲ್ಲಿ ಹೊರಗಿಂದ ಒಂದು ಹುಡುಗ “ನೀರು ಬಂತೂ” ಎಂದು ಕೂಗುತ್ತದೆ. ಚಿಗವ್ವ ಇಲ್ಲ, ದೊಡ್ಡವ್ವ ಇಲ್ಲ, ತಲೆ ಬಗ್ಗಿಸಿ ಕೂತಿದ್ದ ಕನ್ಯೆಯೂ ಇಲ್ಲ. ಚಾಪೆ ಮೇಲೆ ಉಳಿದವರು ಗಂಡಸರು ಮಾತ್ರ. ಹುಡುಗನ ತಾಯಿ ಹುಡುಕುತ್ತ ಹೊರಗೆ ಬಂದು, ಎರಡು ಕೊಡ ಸೊಂಟದ ಮೇಲೆ, ಒಂದು ತಲೆ ಮೇಲೆ ಇಟ್ಟುಕೊಂಡು ಬರುವ ಹುಡುಗಿಯನ್ನು ನೋಡಿ ಅಲ್ಲೇ ಹೇಳುತ್ತಾಳೆ: “ಹೆಣ್ಣು ಪಸಂದ ಐತಿ, ಆ ಖಾಲಿ ಕೊಡ ಇತ್ತ ಕೊಡ್ರಿ.”

ಮೊದಲು ಎಡಗಡೆಯ ಮಾಳಿಗೆ ನಕ್ಕಿತು. ಆಮೇಲೆ ಗುಡಿ ಹಿಂದಿನದು. ಆಮೇಲೆ ಎಲ್ಲೆಲ್ಲಿಂದಲೋ. ಹದಿನೈದು ನಿಮಿಷವೆಂದು ಹೋದವಳು ಮುಕ್ಕಾಲು ಗಂಟೆ ಮಾತಾಡಿದೆ.

ಊಟಕ್ಕೆ ಕೂತಾಗ ಒಬ್ಬ ಅಜ್ಜಿ ಬಂದು ನನ್ನ ಗದ್ದ ಹಿಡಿದು ಬಲ್ಬಿನ ಕಡೆ ತಿರುಗಿಸಿ ನೋಡಿದರು. “ಟೀವ್ಯಾಗ ಬರಾಕಿ ನೀನ ಅಂತಾಳ ನಮ್ಮ ಸೊಸಿ. ನಾ ಅಲ್ಲ ಅಂದೆ.”

“ನಾನ ಅದೀನಿ ಯಮ್ಮಾ.”

“ಮಾರಿ ನಿಂದಽ ಇರಬಹುದವ್ವಾ. ಮಾತು ನಿಂದಲ್ಲ.” ಪಕ್ಕದಲ್ಲೇ ಕೂತರು. ಸ್ವಲ್ಪ ಹೊತ್ತು ನನ್ನ ಎಲೆಯ ಕಡೆ ನೋಡುತ್ತಿದ್ದು, “ನೀರಿಂದು ಚಲೋ ಹೇಳಿದಿ. ಆದರ ಒಂದು ಮಾತು ಬಿಟ್ಟಿ. ನನ್ನ ಈ ಊರಿಗೆ ಕೊಡೂವಾಗ ನಮ್ಮಪ್ಪ ಹೊಲ ಎಷ್ಟು ಐತಿ ಅಂತ ಕೇಳಿದ. ನಮ್ಮವ್ವ ಬಾವಿ ಎಷ್ಟು ದೂರ ಐತಿ ಅಂತ ಕೇಳಿದ್ಲು. ಅದನ್ನ ಹೇಳು” ಅಂದರು.

ಆಮಂತ್ರಣ ಪತ್ರಿಕೆಯ ಹಿಂದೆ ಅದನ್ನು ಬರೆದುಕೊಂಡೆ. ಬೆಳಗ್ಗೆ ಮ್ಯಾನೇಜರಿಗೆ ಫೋನ್ ಮಾಡಿ, ಬರುತ್ತೇನೆ, ಆದರೆ ಅಡುಗೆಯವಳು ಕೊಪ್ಪಳದವಳಾಗಿದ್ದರೆ ಕೊಪ್ಪಳದ ಮಾತನ್ನೇ ಆಡುತ್ತಾಳೆ, ಸಂಭಾಷಣೆ ನಾನೇ ತಿದ್ದಿಕೊಳ್ಳುತ್ತೇನೆ ಎಂದೆ. ಕೇಳಿ ಹೇಳುತ್ತೇನೆ ಎಂದರು. ಮೂರು ದಿನಕ್ಕೆ ಆ ಪಾತ್ರಕ್ಕೆ ಬೇರೆಯವರು ಬಂದರು.

ಮುಂದಿನ ತಿಂಗಳು ಸಿಂಧನೂರಿನಲ್ಲಿ ಕಾರ್ಯಕ್ರಮವಿತ್ತು. ನೀರಿನ ಕಥೆಯ ಕೊನೆಗೆ ಅಜ್ಜಿಯ ಮಾತನ್ನು ಹಾಗೇ ಹೇಳಿದೆ, ಅದು ಯಾವ ಊರಿನ ಅಜ್ಜಿಯದು ಎಂದೂ ಹೇಳಿದೆ. ಹೆಂಗಸರ ಕಡೆ ನಗು ಹುಟ್ಟುವ ಮೊದಲು ಒಂದು ಕ್ಷಣ ಎಲ್ಲ ಸುಮ್ಮನಿತ್ತು. ಕತ್ತಲಲ್ಲಿ ಯಾರೋ ಮೆಲ್ಲಗೆ “ಹೌದವಾ” ಅಂದರು.