ಸಂಭಾಷಣೆ: ಇಲ್ಲ

ಶಿವಮೊಗ್ಗದಲ್ಲಿ ಗಾಂಧಿ ಪಾರ್ಕೂ ಸೇರಿದಂತೆ ನಾಲ್ಕು ಸ್ಥಳಗಳಲ್ಲಿ ಬೇರೆ ಬೇರೆ ಹಿನ್ನೆಲೆಯ ಜನ ದಿನನಿತ್ಯ ಹೇಗೆ ಬೆರೆಯುತ್ತಾರೆಂಬುದನ್ನು ದಾಖಲಿಸುವ ಕ್ಷೇತ್ರಕಾರ್ಯ ನನ್ನ ಪಾಲಿಗೆ ಬಂದಾಗ, ಆಡಿದ ಮಾತುಗಳನ್ನು ಎಣಿಸಿದರೆ ಸಾಕೆಂದು ನಂಬಿದ್ದೆ. ಯಾರು, ಯಾರೊಡನೆ, ಎಷ್ಟು ಹೊತ್ತು ಮಾತನಾಡಿದರು ಎಂಬುದನ್ನು ಹದಿನೈದು ನಿಮಿಷಕ್ಕೊಮ್ಮೆ ನಮೂನೆಯಲ್ಲಿ ತುಂಬಬೇಕಿತ್ತು. ನಮೂನೆ ಸಿದ್ಧಪಡಿಸಿದವನೂ ನಾನೇ ಆದ್ದರಿಂದ ಬೇರೆಯವರನ್ನು ದೂರುವಂತಿಲ್ಲ.

ಪಾರ್ಕಿನಲ್ಲಿ ಬೆಳಗಿನ ಹೊತ್ತು ಒಂದೇ ಕಲ್ಲುಬೆಂಚಿನ ಮೇಲೆ ಮೂವರು ಹಿರಿಯರು ಕೂರುತ್ತಿದ್ದರು. ನಡುವಿನವರು ತಾವು ತಂದ ಪತ್ರಿಕೆಯನ್ನು ಬಿಡಿಸಿ, ಕ್ರೀಡಾಪುಟವನ್ನು ಎಡಕ್ಕೂ ಜಿಲ್ಲಾ ಸುದ್ದಿಯ ಪುಟವನ್ನು ಬಲಕ್ಕೂ ಕೊಡುತ್ತಿದ್ದರು. ಓದಿ ಮುಗಿದ ಹಾಳೆಗಳು ಮಡಿಕೆ ಕೆಡದಂತೆ ಮತ್ತೆ ಅವರ ತೊಡೆಯ ಮೇಲೆ ಬಂದು ಸೇರುತ್ತಿದ್ದವು. ಒಂದು ಮಾತೂ ಇಲ್ಲ. ಆರು ದಿನವೂ ‘ಸಂಭಾಷಣೆ: ಇಲ್ಲ’ ಎಂದು ಬರೆದೆ. ಏಳನೆಯ ದಿನ ಬಲಬದಿಯ ಜಾಗ ಖಾಲಿಯಿತ್ತು, ಜಿಲ್ಲಾ ಪುಟ ಮಾತ್ರ ಅಲ್ಲಿ ಮಡಿಚಿಟ್ಟಂತೆ ಇತ್ತು. ವಿಚಾರಿಸಿದಾಗ ಪತ್ರಿಕೆ ತರುತ್ತಿದ್ದ ಹಿರಿಯರು, “ಹೆಸರು ಗೊತ್ತಿಲ್ಲ ಮಾರಾಯ್ರೆ. ಮಂಡಿನೋವು ಅಂತ ಕಾಣುತ್ತೆ, ಹೋದ ವಾರವೇ ಕುಂಟ್ತಿದ್ರು” ಎಂದರು.

ಅಪರಿಚಿತರು ಪರಸ್ಪರರ ಇರವನ್ನು ಗಮನಿಸಿಯೂ ದಿಟ್ಟಿಸದೆ ಬಿಡುವುದು ಕೂಡ ಒಂದು ಸಾಮಾಜಿಕ ವ್ಯವಹಾರವೆಂದು ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1963ರಲ್ಲೇ ವಿವರಿಸಿದ್ದರು. ಪರೀಕ್ಷೆಗೆಂದು ಓದಿದ್ದ ಆ ಮಾತು ಬೆಂಚಿನ ಎದುರು ಕುಳಿತಾಗ ನೆನಪಿಗೆ ಬರಲಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ಮುಜುಗರದ್ದು. ‘ಹಿನ್ನೆಲೆ’ ಎಂಬ ಅಂಕಣವನ್ನು ಉಡುಪು, ಭಾಷೆಗಳ ಅಂದಾಜಿನಲ್ಲೇ ತುಂಬುತ್ತಿದ್ದೆ. ಮಗುವಿನೊಡನೆ ತಮಿಳಿನಲ್ಲಿ ಮಾತನಾಡುತ್ತಿದ್ದ ಒಬ್ಬರನ್ನು ‘ವಲಸಿಗರು’ ಎಂದು ಗುರುತು ಹಾಕಿದ್ದೆ. ಅವರ ಮುತ್ತಜ್ಜ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕೆಲಸಕ್ಕೆ ಬಂದವರಂತೆ, ಆ ಕಾರ್ಖಾನೆ ಶುರುವಾದದ್ದು 1923ರಲ್ಲಿ. ನಮ್ಮ ಮನೆಯವರು ಈ ಊರಿಗೆ ಬಂದದ್ದು ಅದಕ್ಕಿಂತ ಎಷ್ಟೋ ವರ್ಷಗಳ ನಂತರ. ಅಂದಿನಿಂದ ಆ ಅಂಕಣವನ್ನು ಕೇಳದೆ ತುಂಬುವುದಿಲ್ಲ.

ನಮೂನೆಗೆ ಜಾಗ ಬಿಟ್ಟುಕೊಟ್ಟದ್ದು, ವಸ್ತು ಕೊಟ್ಟು ಪಡೆದದ್ದು, ಗೈರನ್ನು ಗಮನಿಸಿದ್ದು ಎಂಬ ಹೊಸ ಅಂಕಣಗಳು ಸೇರಿದವು. ಮೊದಲನೆಯದಕ್ಕೆ ಮಳೆಗಾಲದಲ್ಲಿ ನೆಹರೂ ರಸ್ತೆಯ ಅಂಗಡಿಗಳ ಮಾಡಿನಡಿ ಅರ್ಧ ಗಂಟೆ ನಿಂತರೆ ಹಾಳೆ ತುಂಬುತ್ತದೆ. ಮೂರನೆಯದು ಹಾಗಲ್ಲ; ಒಬ್ಬನೇ ವೀಕ್ಷಕ ಒಂದೇ ಜಾಗದಲ್ಲಿ ವಾರಗಟ್ಟಲೆ ಕೂರದಿದ್ದರೆ ಯಾರು ಬಂದಿಲ್ಲವೆಂಬುದು ಅವನಿಗೇ ತಿಳಿಯದು. ಹೀಗಾಗಿ ನಾಲ್ಕು ಸ್ಥಳಗಳ ಅಧ್ಯಯನವನ್ನು ಎರಡಕ್ಕೆ ಇಳಿಸಿದೆ. ಮಾದರಿ ಚಿಕ್ಕದಾಯಿತೆಂಬ ಆಕ್ಷೇಪಣೆಗೆ ಇಂದಿಗೂ ಉತ್ತರಿಸುತ್ತಲೇ ಇದ್ದೇನೆ.