"ನಾಳೆ ಬೆಳಗ್ಗೆವರೆಗೂ ನೋಡಬಹುದಾ ಅಕ್ಕ?"

ಈ ಪ್ರಶ್ನೆ ನನಗೆ ಬರುವುದು ಹೆಚ್ಚಾಗಿ ರಾತ್ರಿ ಒಂಬತ್ತರ ಮೇಲೆ. ಮೊದಲು ಒಂದು ಫೋಟೋ ಬರುತ್ತದೆ. ಪಂಜರದ ಮೂಲೆಯಲ್ಲಿ ಮೈಕೂದಲು ಉಬ್ಬಿಸಿಕೊಂಡು ಕೂತ ಗಿನಿ ಪಿಗ್, ಇಲಿಗೂ ಮೊಲಕ್ಕೂ ನಡುವಿನ ಗಾತ್ರದ ಸಾಕುಪ್ರಾಣಿ. ಅದರ ಕೆಳಗೆ, "ಅಕ್ಕ, ಬೆಳಗ್ಗೆಯಿಂದ ಏನೂ ತಿಂದಿಲ್ಲ, ಸುಮ್ನೆ ಕೂತಿದೆ. ನಾಳೆವರೆಗೂ ನೋಡಬಹುದಾ?"

ತುಮಕೂರಿನಲ್ಲಿ ಗಿನಿ ಪಿಗ್ ಸಾಕಿದವರು ಜಾಸ್ತಿ ಇಲ್ಲ. ಇರುವವರು ಅವರಿಂದ ಇವರಿಂದ ಕೇಳಿ ನನ್ನ ನಂಬರ್ ಹಿಡಿಯುತ್ತಾರೆ. ನಾನು ಡಾಕ್ಟರ್ ಅಲ್ಲ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಆರು ವರ್ಷದಿಂದ ಇವನ್ನು ಸಾಕಿದ್ದೇನೆ, ಒಂದನ್ನು ಕಳೆದುಕೊಂಡಿದ್ದೇನೆ. ನನ್ನ ಅರ್ಹತೆ ಅಷ್ಟೇ.

ಉತ್ತರ: ಬೇಡ, ಕಾಯಬೇಡಿ.

ನಾಯಿ ಒಂದು ದಿನ ಊಟ ಬಿಟ್ಟರೆ ಅಷ್ಟು ಗಾಬರಿ ಬೀಳಬೇಕಿಲ್ಲ. ಗಿನಿ ಪಿಗ್ ವಿಷಯ ಹಾಗಲ್ಲ. ಇದು ಇಡೀ ದಿನ ಹುಲ್ಲು ಮೇಯುವ ಪ್ರಾಣಿ. ಹೊಟ್ಟೆಯ ಹಿಂಭಾಗದಲ್ಲಿ ದೊಡ್ಡದೊಂದು ಚೀಲ ಇದೆ, ಅಲ್ಲಿ ಹುಲ್ಲು ಹುದುಗು ಬಂದು ಜೀರ್ಣವಾಗಬೇಕು. ಮೇಲಿನಿಂದ ಹುಲ್ಲು ಬರುತ್ತಾ ಇದ್ದರೆ ಕರುಳು ನಡೆಯುತ್ತದೆ. ಬರುವುದು ನಿಂತರೆ ಕರುಳೂ ನಿಧಾನವಾಗುತ್ತದೆ, ಗ್ಯಾಸ್ ತುಂಬುತ್ತದೆ, ನೋವಾಗುತ್ತದೆ. ನೋವಾದ್ದರಿಂದ ಇನ್ನೂ ತಿನ್ನುವುದಿಲ್ಲ. ಹನ್ನೆರಡು ಗಂಟೆ ತಿನ್ನದೆ ಇದ್ದರೆ ಡಾಕ್ಟರಿಗೆ ಫೋನ್ ಮಾಡುವ ಹೊತ್ತು. ಇಪ್ಪತ್ನಾಲ್ಕು ಗಂಟೆ ಆದರೆ ಜೀವಕ್ಕೇ ಅಪಾಯ. ಬೆಳಗ್ಗೆಯಿಂದ ತಿಂದಿಲ್ಲ ಎಂದು ರಾತ್ರಿ ಬರೆಯುತ್ತಿದ್ದೀರಿ. ಅಂದರೆ ಹನ್ನೆರಡು ಗಂಟೆ ಆಗಲೇ ಮುಗಿದಿದೆ.

ಇನ್ನೊಂದು ತೊಂದರೆ, ಇದು ಕಾಯಿಲೆಯನ್ನು ಬಚ್ಚಿಡುತ್ತದೆ. ಹೆಸರಿನಲ್ಲಿ ಗಿನಿ ಇದ್ದರೂ ಇದು ಆಫ್ರಿಕಾದ್ದಲ್ಲ, ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳದ್ದು. ಪೆರು, ಬೊಲಿವಿಯಾ ಕಡೆಯ ಜನ ಸಾವಿರಾರು ವರ್ಷದ ಹಿಂದೆಯೇ ಇದನ್ನು ಸಾಕಿದರು, ಮಾಂಸಕ್ಕಾಗಿ. ಬೇಟೆಯಾಗಿ ಬದುಕಿದ ಪ್ರಾಣಿ, ಸುಸ್ತು ತೋರಿಸಿದರೆ ಮೊದಲು ಹೋಗುವುದು ಅದೇ. ಹಾಗಾಗಿ ನಮ್ಮ ಕಣ್ಣಿಗೆ ಬಿದ್ದ ದಿನ ಕಾಯಿಲೆಯ ಮೊದಲ ದಿನ ಆಗಿರುವುದಿಲ್ಲ.

ನನಗೆ ಇದು ಗೊತ್ತಾಗಿದ್ದು ತಡವಾಗಿ. ಒಂದು ಸಂಕ್ರಾಂತಿಯ ವಾರ ಮಗಳ ಕಾಟ ತಡೆಯಲಾರದೆ ಎರಡು ಮರಿ ತಂದೆವು. ಕಪ್ಪಗಿದ್ದದ್ದು ಎಳ್ಳು, ಕಂದು ಬಣ್ಣದ್ದು ಬೆಲ್ಲ. ಅಂಗಡಿಯವರು "ಅಕ್ಕಿ, ಗೋಧಿ, ಒಂಚೂರು ಕ್ಯಾರೆಟ್ ಹಾಕಿ ಮೇಡಂ, ಆರಾಮಾಗಿರುತ್ತೆ" ಅಂದರು. ನಾವೂ ಹಾಕಿದೆವು. ಒಂದೂಕಾಲು ವರ್ಷ ಏನೂ ಆಗಲಿಲ್ಲ. ಆಮೇಲೆ ಒಂದು ಶನಿವಾರ ಸಂಜೆ ಕೊತ್ತಂಬರಿ ಕಂತೆ ಬಿಚ್ಚಿದಾಗ ಬೆಲ್ಲ "ವೀಕ್ ವೀಕ್" ಎಂದು ಕಿರುಚುತ್ತಾ ಓಡಿಬಂತು. ಎಳ್ಳು ನಿಧಾನವಾಗಿ ಬಂತು. ಕಡ್ಡಿ ಬಾಯಿಗೆ ತಗೊಂಡಿತು, ನಾಲ್ಕು ಸಲ ದವಡೆ ಆಡಿಸಿತು, ಬೀಳಿಸಿತು. ಮತ್ತೆ ತಗೊಂಡಿತು, ಮತ್ತೆ ಬೀಳಿಸಿತು. ಗಲ್ಲದ ಕೆಳಗಿನ ಕೂದಲು ಒದ್ದೆಯಾಗಿತ್ತು. "ಹೊಟ್ಟೆ ತುಂಬಿರಬೇಕು ಬಿಡಿ" ಅಂದರು ನಮ್ಮತ್ತೆ. ನನಗೂ ಹಾಗೇ ಅನ್ನಿಸಿತು.

ಭಾನುವಾರ ಕ್ಲಿನಿಕ್ ಇಲ್ಲ. ಸೋಮವಾರ ಸ್ಕೂಲು ಮುಗಿಸಿ ಹೋದೆ. ಅಲ್ಲಿದ್ದ ಡಾಕ್ಟರು ಒಳ್ಳೆಯವರೇ, ಆದರೆ ದಿನಾ ನೋಡುವುದು ಹಸು, ಎಮ್ಮೆ, ನಾಯಿ. ಬಾಯಿ ತೆರೆದು ನೋಡಲಿಲ್ಲ. ಇನ್ಫೆಕ್ಷನ್ ಇರಬಹುದು ಎಂದು ಮಕ್ಕಳಿಗೆ ಕೊಡುವ ಅಮಾಕ್ಸಿಸಿಲಿನ್ ಸಿರಪ್ ಬರೆದರು. ಬುಧವಾರ ಬೆಳಗ್ಗೆ ಎಳ್ಳು ಹೋಯಿತು.

ಹಲ್ಲಿನಿಂದ ಹೋಯಿತೋ, ಹಸಿವಿನಿಂದಲೋ, ಔಷಧಿಯಿಂದಲೋ ಹೇಳಲಾರೆ. ಮೂರೂ ಕೊಲ್ಲಬಲ್ಲವು ಎಂದು ಆಮೇಲೆ ಬೆಂಗಳೂರಿನ ಒಬ್ಬ ಡಾಕ್ಟರು ಬೆಲ್ಲಳನ್ನು ನೋಡುತ್ತಾ ವಿವರಿಸಿದರು.

ಗಿನಿ ಪಿಗ್‌ಗೆ ಇಪ್ಪತ್ತು ಹಲ್ಲು. ನಮಗೆ ಕಾಣುವುದು ಮುಂದಿನ ನಾಲ್ಕೇ. ಇಪ್ಪತ್ತೂ ಸಾಯುವವರೆಗೆ ಬೆಳೆಯುತ್ತಲೇ ಇರುತ್ತವೆ. ಒರಟು ಹುಲ್ಲು ಅರೆದು ಅರೆದು ಸವೆಯಬೇಕು. ಅಕ್ಕಿ ಗೋಧಿ ತಿಂದರೆ ಹಾಗೆ ಸವೆಯುವುದಿಲ್ಲ. ಆಗ ಕೆಳಗಿನ ದವಡೆ ಹಲ್ಲುಗಳು ಒಳಕ್ಕೆ ವಾಲಿ ನಾಲಿಗೆಯ ಮೇಲೆ ಕಮಾನು ಕಟ್ಟುತ್ತವೆ. ನಾಲಿಗೆ ಅದರ ಕೆಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಹಸಿವಿದೆ, ಬಾಯಿಗೆ ಹಾಕಿಕೊಳ್ಳುತ್ತದೆ, ನುಂಗಲು ಆಗುವುದಿಲ್ಲ. ಜೊಲ್ಲು ಸುರಿಯುತ್ತದೆ. ಎಳ್ಳು ಶನಿವಾರ ಸಂಜೆ ತೋರಿಸಿದ್ದು ಇದನ್ನೇ. ಮತ್ತು ಬರಿಗೈಯಲ್ಲಿ ಬಾಯಿ ತೆರೆದರೆ ಇದು ಸರಿಯಾಗಿ ಕಾಣಿಸುವುದಿಲ್ಲ. ಉಪಕರಣ ಬೇಕು, ಎಷ್ಟೋ ಸಲ ಅರಿವಳಿಕೆ ಕೊಟ್ಟೇ ನೋಡಿ ಉಜ್ಜಬೇಕು.

ಇನ್ನು ಔಷಧಿ. ಪೆನ್ಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್, ಕ್ಲಿಂಡಾಮೈಸಿನ್ — ಇವನ್ನು ಬಾಯಿಗೆ ಹಾಕಿದರೆ ಗಿನಿ ಪಿಗ್‌ನ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ. ಆ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಜಾತಿಯವು ಬೆಳೆದು ವಿಷ ಬಿಡುತ್ತವೆ. ಕೆಲವೇ ದಿನದಲ್ಲಿ ಭೇದಿಯಾಗಿ ಸಾಯಬಹುದು. ನಮ್ಮ ಮನೆಗಳ ಫ್ರಿಜ್ಜಿನಲ್ಲಿ ಮಕ್ಕಳ ಜ್ವರಕ್ಕೆ ತಂದು ಉಳಿದ ಸಿರಪ್ ಇದ್ದೇ ಇರುತ್ತದೆ, ಅಲ್ವಾ? ಅದನ್ನು ಮುಟ್ಟಬೇಡಿ. ಎನ್ರೋಫ್ಲಾಕ್ಸಾಸಿನ್ ಅಥವಾ ಟ್ರೈಮೆಥೊಪ್ರಿಮ್-ಸಲ್ಫಾ ಸಾಮಾನ್ಯವಾಗಿ ಇವಕ್ಕೆ ಕೊಡುವವು. ಅದನ್ನೂ ಡಾಕ್ಟರು ತೂಕ ನೋಡಿ ಹೇಳಬೇಕು.

"ನಡೆಯುವುದೇ ಇಲ್ಲ, ಎತ್ತಿದರೆ ಕಿರುಚುತ್ತೆ, ಹಿಂಗಾಲು ಎಳೆಯುತ್ತೆ" ಎಂದು ಬರೆಯುವವರು ಇನ್ನೊಂದು ಗುಂಪು. ಇವರನ್ನು ನಾನು ಮೊದಲು ಕೇಳುವುದು, ದಿನಾ ಏನು ಹಾಕುತ್ತೀರಿ ಅಂತ. ನಮ್ಮ ಹಾಗೆ ಇವೂ ವಿಟಮಿನ್ ಸಿ ತಾವೇ ತಯಾರಿಸಿಕೊಳ್ಳಲಾರವು. ಇಲಿಗೆ, ನಾಯಿಗೆ ಆಗುತ್ತದೆ, ಇವಕ್ಕೆ ಆಗುವುದಿಲ್ಲ. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೊಡೋರ್ ಫ್ರೋಲಿಕ್ ಎಂಬ ಇಬ್ಬರು, ಹಡಗಿನ ನಾವಿಕರ ಬೆರಿಬೆರಿ ರೋಗ ಅಭ್ಯಾಸ ಮಾಡಲು ಗಿನಿ ಪಿಗ್‌ಗಳಿಗೆ ಬರೀ ಧಾನ್ಯ ತಿನ್ನಿಸಿದರು. ಬೆರಿಬೆರಿ ಬರಲಿಲ್ಲ, ಸ್ಕರ್ವಿ ಬಂತು, ಅಂದರೆ ವಿಟಮಿನ್ ಸಿ ಕೊರತೆಯ ರೋಗ. ಸ್ಕರ್ವಿಗೂ ಊಟಕ್ಕೂ ಇರುವ ನಂಟು ಪ್ರಯೋಗಶಾಲೆಯಲ್ಲಿ ಗೊತ್ತಾಗಿದ್ದು ಹಾಗೆ. ನೂರಕ್ಕೂ ಹೆಚ್ಚು ವರ್ಷ ಆಯಿತು. ನಾವು ಇವತ್ತಿಗೂ ಅದೇ ಧಾನ್ಯ ಹಾಕಿ ಮನೆಮನೆಯಲ್ಲಿ ಅದೇ ಪ್ರಯೋಗ ಮಾಡುತ್ತಿದ್ದೇವೆ!

ಕೀಲು ಊದುವುದು, ನಡೆಯಲು ಆಗದಿರುವುದು, ಒಸಡಿನಲ್ಲಿ ರಕ್ತ, ಒರಟು ಕೂದಲು — ಇವು ಸ್ಕರ್ವಿಯ ಲಕ್ಷಣ. ದಿನಕ್ಕೆ ಕಿಲೋ ತೂಕಕ್ಕೆ 10ರಿಂದ 30 ಮಿಲಿಗ್ರಾಂ ವಿಟಮಿನ್ ಸಿ ಬೇಕು, ಕಾಯಿಲೆ ಬಿದ್ದಾಗ ಇನ್ನೂ ಜಾಸ್ತಿ. ನೂರು ಗ್ರಾಂ ಸೀಬೆಹಣ್ಣಿನಲ್ಲಿ 200 ಮಿಲಿಗ್ರಾಂ ಆಸುಪಾಸು ಇರುತ್ತದೆ, ಅಂದರೆ ತೆಳ್ಳಗಿನ ಒಂದು ಹೋಳು ಸಾಕು. ಆದರೆ ಸೀಬೆ ಸಿಹಿ, ಹಾಗಾಗಿ ನಾನು ದಿನಾ ಕೊಡುವುದು ದಪ್ಪ ಮೆಣಸಿನಕಾಯಿ ಹೋಳು. ನೀರಿಗೆ ವಿಟಮಿನ್ ಡ್ರಾಪ್ಸ್ ಹಾಕಿ ಇಟ್ಟರೆ ಪ್ರಯೋಜನ ಕಡಿಮೆ, ಬೇಗ ಕೆಡುತ್ತದೆ. ಹುಲ್ಲಿಗೆ ನಮ್ಮಲ್ಲಿ ಒಂದು ಸುಲಭ ದಾರಿ ಇದೆ. ಗಣಪತಿಗೆ ಏರಿಸುವ ಗರಿಕೆ ಇವಕ್ಕೆ ತುಂಬಾ ಒಳ್ಳೆಯದು. ಔಷಧಿ ಹೊಡೆಯದ ಜಾಗದ್ದು ತನ್ನಿ, ತೊಳೆದು ಹಾಕಿ. ಲೂಸರ್ನ್, ಅಂದರೆ ಕುದುರೆ ಮಸಾಲೆ ಸೊಪ್ಪು ಮರಿಗಳಿಗೆ, ಗಬ್ಬದ್ದಕ್ಕೆ ಸರಿ. ದೊಡ್ಡವಕ್ಕೆ ದಿನಾ ಬೇಡ, ಕ್ಯಾಲ್ಸಿಯಂ ಜಾಸ್ತಿ.

ಕ್ಯಾಲ್ಸಿಯಂ ಅಂದಾಗ ಬೆಲ್ಲಳ ಕಥೆ ಹೇಳಲೇಬೇಕು. ಎಳ್ಳು ಹೋದ ಮೇಲೆ ಬೆಂಗಳೂರಿನ ಆ ಡಾಕ್ಟರು ನನಗೆ ಹೇಳಿದ್ದು ಒಂದೇ ಮಾತು: "ಮೇಡಂ, ಕಣ್ಣನ್ನು ನಂಬಬೇಡಿ, ತಕ್ಕಡಿಯನ್ನು ನಂಬಿ." ಅವತ್ತಿನಿಂದ ಪ್ರತಿ ಭಾನುವಾರ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಸ್ಟೀಲ್ ಬೋಗುಣಿ ಇಟ್ಟು, ಸೊನ್ನೆ ಮಾಡಿ, ಬೆಲ್ಲಳನ್ನು ಕೂರಿಸುತ್ತೇನೆ. ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆಯುತ್ತೇನೆ, ಹಾಲಿನ ಲೆಕ್ಕದ ಪಕ್ಕದಲ್ಲೇ. ಇಪ್ಪತ್ತು ಮೂವತ್ತು ಗ್ರಾಂ ಆಚೀಚೆ ಆದರೆ ಲೆಕ್ಕಕ್ಕಿಲ್ಲ. ಒಂದು ಆಗಸ್ಟಿನಲ್ಲಿ 905 ಇತ್ತು. ಮುಂದಿನ ವಾರ 870. ಆಮೇಲೆ 838. ತಿನ್ನುತ್ತಿತ್ತು, ಓಡುತ್ತಿತ್ತು, ಕಿರುಚುತ್ತಿತ್ತು. ನೋಡಿದರೆ ಏನೂ ಇಲ್ಲ. ಗಂಡ "ತಕ್ಕಡಿ ಸೆಲ್ ಹೋಗಿರಬೇಕು" ಅಂದರು. ಸೆಲ್ ಬದಲಾಯಿಸಿದೆ, ಅರ್ಧ ಕಿಲೋ ಸಕ್ಕರೆ ಪೊಟ್ಟಣ ಇಟ್ಟು ನೋಡಿದೆ. ತಕ್ಕಡಿ ಸರಿಯಾಗಿಯೇ ಇತ್ತು.

ಎಕ್ಸ್‌ರೇಯಲ್ಲಿ ಮೂತ್ರಕೋಶದೊಳಗೆ ಬೆಳ್ಳಗೆ ಒಂದು ಕ್ಯಾಲ್ಸಿಯಂ ಕಲ್ಲು ಕಂಡಿತು, ಕಡಲೆಕಾಳಿಗಿಂತ ಚಿಕ್ಕದು. ಆಪರೇಷನ್ ಆಯಿತು. ಸೊಪ್ಪು ಒಳ್ಳೆಯದು ಎಂದು ದಿನಾ ಪಾಲಕ್ ಹಾಕುತ್ತಿದ್ದೆ ನಾನು, ಅದನ್ನು ನಿಲ್ಲಿಸಿ ಅಂದರು. ಇವತ್ತಿಗೆ ಬೆಲ್ಲಳಿಗೆ ಆರು ವರ್ಷ. ಇವುಗಳ ಆಯುಸ್ಸು ಸಾಮಾನ್ಯವಾಗಿ ಐದರಿಂದ ಏಳು ವರ್ಷ, ಅಂದರೆ ಅಜ್ಜಿಯೇ. ಮೂತ್ರ ಮಾಡುವಾಗ ಕಿರುಚಿದರೆ, ಬೆನ್ನು ಬಾಗಿಸಿ ತಿಣುಕಿದರೆ, ಬಟ್ಟೆಯ ಮೇಲೆ ರಕ್ತದ ಕಲೆ ಕಂಡರೆ ಇದನ್ನು ನೆನಪಿಡಿ.

ಸುಮ್ನೆ ಹೆದರುವವರೂ ಇದ್ದಾರೆ, ಅವರಿಗೂ ಎರಡು ಮಾತು. ಕಿವಿಯ ಹಿಂದೆ ಕೂದಲಿಲ್ಲದ ಚಿಕ್ಕ ಜಾಗ ಎಲ್ಲ ಗಿನಿ ಪಿಗ್‌ಗೂ ಇರುತ್ತದೆ. ಕಣ್ಣಿನಿಂದ ಆಗಾಗ ಹಾಲಿನಂಥ ಬಿಳಿ ನೀರು ಬಂದು, ಅದನ್ನು ಮುಂಗಾಲಿನಿಂದ ಮುಖಕ್ಕೆ ಸವರಿಕೊಂಡರೆ ಅದು ಮುಖ ತೊಳೆಯುತ್ತಿದೆ ಅಷ್ಟೇ. ತನ್ನ ಹಿಕ್ಕೆ ತಾನೇ ತಿನ್ನುವುದೂ ಸಹಜ. ಆದರೆ ಕಣ್ಣು ಮೂಗು ಗೀಜು ಕಟ್ಟಿ ಉಸಿರು ಗೊರಗುಟ್ಟಿದರೆ ಸಹಜ ಅಲ್ಲ, ಅವತ್ತೇ ಹೊರಡಿ. ಎರಡೂ ಪಕ್ಕೆಯಲ್ಲಿ ಒಂದೇ ಥರ ಕೂದಲು ಉದುರಿದರೆ ಹೆಣ್ಣುಗಳಲ್ಲಿ ಅಂಡಾಶಯದ ಗುಳ್ಳೆ ಇರಬಹುದು. ಮೈ ಕೆರೆದುಕೊಂಡು ಫಿಟ್ಸ್ ಬಂದ ಹಾಗೆ ಒದ್ದಾಡಿದರೆ ತುರಿ ಹುಳ. ಮುಖದ ಮೇಲೆ ದುಂಡಗೆ ಕೂದಲು ಹೋಗಿ ಹೊಟ್ಟು ಎದ್ದರೆ ಹುಳುಕಡ್ಡಿ, ಅದು ಮಕ್ಕಳಿಗೂ ಹತ್ತುತ್ತದೆ. ನಮ್ಮ ಮಗಳ ಮಣಿಕಟ್ಟಿಗೆ ಹತ್ತಿತ್ತು.

ಸರಿ, ರಾತ್ರಿ ಹತ್ತು ಗಂಟೆ, ಯಾವ ಡಾಕ್ಟರೂ ಸಿಗುತ್ತಿಲ್ಲ. ಏನು ಮಾಡುವುದು?

ಹೊಟ್ಟೆ ಮುಟ್ಟಿ ನೋಡಿ. ಡೋಲಿನ ಹಾಗೆ ಬಿಗಿದಿದ್ದರೆ ಬಲವಂತವಾಗಿ ಏನೂ ತಿನ್ನಿಸಬೇಡಿ, ಎಷ್ಟು ದೂರವಾದರೂ ಸರಿ ತೆರೆದಿರುವ ಆಸ್ಪತ್ರೆ ಹುಡುಕಿ. ಹೊಟ್ಟೆ ಮೆತ್ತಗಿದ್ದರೆ ಅದು ತಿನ್ನುವ ಪೆಲೆಟ್, ಅಂದರೆ ಅಂಗಡಿಯಲ್ಲಿ ಸಿಗುವ ಗುಳಿಗೆ ಆಹಾರ, ಬಿಸಿನೀರಿನಲ್ಲಿ ನೆನೆಸಿ, ಕಿವುಚಿ, ಅಂಬಲಿ ಹದಕ್ಕೆ ತನ್ನಿ. ಆರಿದ ಮೇಲೆ ಸೂಜಿ ತೆಗೆದ ಒಂದು ಎಂಎಲ್ ಸಿರಿಂಜಿನಲ್ಲಿ, ಮುಂದಿನ ಹಲ್ಲಿನ ಹಿಂದೆ ಇರುವ ಖಾಲಿ ಜಾಗದಿಂದ, ಪಕ್ಕದಿಂದ ಹಾಕಿ. ಟವೆಲ್ ಸುತ್ತಿ ಕೂರಿಸಿಯೇ ಹಾಕಬೇಕು, ಅಂಗಾತ ಮಲಗಿಸಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಸ್ವಲ್ಪ ಹಾಕಿ, ಜಗಿಯಲು ಬಿಡಿ, ಆಮೇಲೆ ಮತ್ತೆ. ಅರ್ಧ ಮುಖಕ್ಕೆ ಮೆತ್ತಿಕೊಳ್ಳುತ್ತದೆ, ಪರವಾಗಿಲ್ಲ. ಏಪ್ರಿಲ್ ತಿಂಗಳಾಗಿದ್ದು ಉದ್ದಕ್ಕೆ ಮಲಗಿ ಏದುಸಿರು ಬಿಡುತ್ತಿದ್ದರೆ ಅದು ಬಿಸಿಲ ಹೊಡೆತ. ತಂಪು ಜಾಗಕ್ಕೆ ತನ್ನಿ, ಕಿವಿಗೆ ಪಾದಕ್ಕೆ ಒದ್ದೆ ಬಟ್ಟೆ ಒತ್ತಿ. ಐಸ್ ನೀರು ಸುರಿಯಬೇಡಿ.

ಡಾಕ್ಟರನ್ನು ಹುಡುಕುವಾಗ "ಗಿನಿ ಪಿಗ್ ನೋಡ್ತೀರಾ" ಎಂದು ಮಾತ್ರ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ನಾನು ಎರಡು ಪ್ರಶ್ನೆ ಕೇಳುತ್ತೇನೆ. ಬಾಯಿಗೆ ಯಾವ ಆಂಟಿಬಯಾಟಿಕ್ ಕೊಡುತ್ತೀರಿ? ಆಪರೇಷನ್‌ಗೆ ಮೊದಲು ರಾತ್ರಿಯಿಡೀ ಉಪವಾಸ ಇಡಬೇಕಾ? ಗಿನಿ ಪಿಗ್ ವಾಂತಿ ಮಾಡಲಾರದು, ಹಾಗಾಗಿ ನಾಯಿಯಂತೆ ಉಪವಾಸ ಕೆಡವಬೇಕಿಲ್ಲ, ಕೆಡವಲೂಬಾರದು. ಇದು ಗೊತ್ತಿರುವವರು ಇವನ್ನು ನೋಡಿ ಅಭ್ಯಾಸ ಇರುವವರು. ಬೆಂಗಳೂರಿನಲ್ಲಿ ಹಕ್ಕಿ, ಮೊಲ, ಆಮೆ ನೋಡುವ ಡಾಕ್ಟರುಗಳಿದ್ದಾರೆ. "ಎಕ್ಸಾಟಿಕ್" ಎಂದು ಕೇಳಿದರೆ ತೋರಿಸುತ್ತಾರೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಆಸ್ಪತ್ರೆ ಇದೆ, ಶಿವಮೊಗ್ಗ, ಹಾಸನಗಳಲ್ಲೂ ಪಶುವೈದ್ಯಕೀಯ ಕಾಲೇಜುಗಳಿವೆ. ಆ ಕಡೆಯವರು ಅಲ್ಲಿ ವಿಚಾರಿಸಿ. ಪ್ರಾಣಿ ಚೆನ್ನಾಗಿರುವಾಗಲೇ ಈ ನಂಬರುಗಳನ್ನು ಬರೆದಿಟ್ಟುಕೊಂಡರೆ ರಾತ್ರಿ ಹತ್ತಕ್ಕೆ ನನ್ನನ್ನು ಕೇಳಬೇಕಾಗಿಲ್ಲ.

"ಐನೂರು ರೂಪಾಯಿ ಇಲಿಗೆ ಐದು ಸಾವಿರ ಖರ್ಚಾ?" ಎಂದು ಪಕ್ಕದ ಮನೆಯವರು ಕೇಳುತ್ತಾರೆ. ನನ್ನನ್ನೂ ಕೇಳಿದ್ದಾರೆ. ಇದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. "ಹೂಂ ಕಣ್ರೀ" ಅಂದು ಗಾಡಿ ಹತ್ತುತ್ತೇನೆ.

ಹೊರಡುವಾಗ ಕೊನೆಯ ಎರಡು ದಿನದ ಹಿಕ್ಕೆ ಒಂದು ಕವರಿನಲ್ಲಿ ಹಾಕಿಕೊಳ್ಳಿ. ಚೆನ್ನಾಗಿರುವಾಗ ಅದು ಕ್ಯಾಪ್ಸೂಲ್ ಹಾಗೆ ತುಂಬಿಕೊಂಡು ಇರುತ್ತದೆ, ತಿನ್ನದಿದ್ದಾಗ ಚಿಕ್ಕದಾಗಿ, ಒಣಗಿ, ತುದಿ ಮೊನಚಾಗಿರುತ್ತದೆ. ಡಾಕ್ಟರಿಗೆ ನಿಮ್ಮ ಮಾತಿಗಿಂತ ಅದು ಜಾಸ್ತಿ ಹೇಳುತ್ತದೆ. ತೂಕದ ಚೀಟಿ ಇದ್ದರೆ ಅದೂ ಇರಲಿ. ಜೊತೆಗಾರ ಇದ್ದರೆ ಅದೇ ಡಬ್ಬದಲ್ಲಿ ಕೂರಿಸಿ, ಒಂದು ಹಿಡಿ ಗರಿಕೆ ಹಾಕಿ. ಎಳ್ಳುವನ್ನು ನಾನು ಒಂಟಿಯಾಗಿ ಚೀಲದಲ್ಲಿ ಒಯ್ದಿದ್ದೆ. ಬೆಲ್ಲಳನ್ನು ಆಪರೇಷನ್ನಿಗೆ ಒಯ್ಯುವಾಗ ಹೊಸ ಜೊತೆಗಾತಿ ಕೊಬ್ಬರಿಯೂ ಬಂದಿತ್ತು. ನೆಲಮಂಗಲ ದಾಟುವ ಹೊತ್ತಿಗೆ ಗರಿಕೆ ಖಾಲಿಯಾಗಿತ್ತು. ತಿಂದದ್ದು ಯಾರು ಎಂದು ಡಾಕ್ಟರು ಕೇಳಿದರು, ನನಗೆ ಗೊತ್ತಿರಲಿಲ್ಲ. ನೀವು ಹಿಂದಿನ ಸೀಟಿನಲ್ಲಿ ಒಬ್ಬರನ್ನು ನೋಡಿಕೊಳ್ಳಲು ಕೂರಿಸಿ.