ಬೆಲ್ಲದ ಒತ್ತು ನುಂಗಿದ ಬಟನ್ನು

ವಾರಕ್ಕೆ ಇಬ್ರಾದ್ರೂ ಮೆಸೇಜ್ ಮಾಡ್ತಾರೆ, "ಅಕ್ಕ, ಯುಐ ಯುಎಕ್ಸ್‌ಗೆ ಬರ್ಬೇಕು ಅಂತಿದೀನಿ, ಯಾವ್ ಟೂಲ್ ಕಲೀಲಿ?" ಅಂತ. ಆಪು, ವೆಬ್‌ಸೈಟಿನ ಸ್ಕ್ರೀನ್ ಡಿಸೈನ್ ಮಾಡೋ ಕೆಲ್ಸ ಅದು. ಮೆಸೇಜ್ ಜೊತೆಗೆ ಯಾವ್ದೋ ಕೋಚಿಂಗ್ ಸೆಂಟರ್ ಪಾಂಪ್ಲೆಟ್ ಫೋಟೋ, ಅದ್ರಲ್ಲಿ ಒಂದು ಡಜನ್ ಲೋಗೋ ಸಾಲಾಗಿ. ಮೊದ್ಲೆಲ್ಲ ಫಿಗ್ಮಾ (ಸ್ಕ್ರೀನ್ ಬಿಡಿಸೋ ಟೂಲು) ಕಲಿ ಸಾಕು ಅಂತ ಒಂದೇ ಲೈನಲ್ಲಿ ಮುಗಿಸ್ತಿದ್ದೆ. ಈಗ ಹಂಗೆ ಹೇಳೋಕೆ ಬಾಯಿ ಬರಲ್ಲ, ಯಾಕಂದ್ರೆ ಫಿಗ್ಮಾ ನಂಗೆ ಅರೆದು ಕುಡ್ದಿರೋ ಹಂಗೆ ಬರುತ್ತೆ ಅನ್ಕೊಂಡಿದ್ದಾಗ್ಲೇ ನಾನು ಮರ್ಯಾದೆ ಕಳ್ಕೊಂಡಿದ್ದು.

ಹಳೇ ಕಂಪ್ನಿ, ಬೆಂಗ್ಳೂರಿನ ಎಚ್‌ಎಸ್‌ಆರ್ ಲೇಔಟಲ್ಲಿ ಆಫೀಸು. ದಿನಸಿ ಅಂಗಡಿಯವ್ರು ಹೋಲ್‌ಸೇಲಲ್ಲಿ ಮಾಲು ತರಿಸ್ಕೊಳೋಕೆ ಒಂದು ಆಪ್ ಮಾಡ್ತಿದ್ವಿ, ಇಂಗ್ಲಿಷ್ ಕನ್ನಡ ಎರಡ್ರಲ್ಲೂ. ಸ್ಕ್ರೀನೆಲ್ಲ ನಾನೇ ಮಾಡಿದ್ದು, ಇಂಗ್ಲಿಷಲ್ಲಿ, ಇಂಟರ್ ಅನ್ನೋ ಫಾಂಟಲ್ಲಿ, ಪ್ರತಿ ಚೌಕನೂ ಪಿಕ್ಸೆಲ್ ಲೆಕ್ಕದಲ್ಲಿ ಕೂರ್ಸಿ, ಮೀಟಿಂಗಲ್ಲಿ ಎಲ್ರೂ ವಾವ್ ಅಂದಿದ್ರು. ಕನ್ನಡ ಕೊನೇ ವಾರ ಒಂದು ಶೀಟಲ್ಲಿ ಬಂತು, ಡೆವಲಪರ್ ತಗೊಂಡು ತುಂಬಿದ್ರು. ನಾನು ತಿರುಗ್ ಕೂಡ ನೋಡ್ಲಿಲ್ಲ. ತುಮಕೂರಲ್ಲಿ ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಮ್ಮಲ್ಲೇ ಓದಿದೋಳು ನಾನು, ಅದು ಬೇರೆ.

ಟೆಸ್ಟಿಂಗ್‌ಗೆ ಅಂತ ಬನಶಂಕರಿ ಕಡೆ ಒಂದು ಅಂಗಡಿಗೆ ಹೋದ್ವಿ. ಯಜಮಾನ್ರು ಕನ್ನಡಕ ಏರ್ಸಿ ಫೋನ್ ಹಿಡ್ಕೊಂಡು ಸುಮಾರ್ ಹೊತ್ತು ನೋಡಿದ್ರು. "ಏನಮ್ಮ ಇದು, ಬೆಲ ಅಂತಿದೆ? ಒತ್ತು ಎಲ್ಲೋಯ್ತು, ನಿಮ್ ಫೋನಲ್ಲೂ ಇಲಿ ಇದ್ಯಾ?" ಅಂದ್ರು. ಬಗ್ಗಿ ನೋಡ್ತೀನಿ, ಬೆಲ್ಲ ಬೆಲ ಆಗಿದೆ, ಸಕ್ಕರೆ ಸಕರೆ ಆಗಿದೆ, ಕೆಳಗೆ ದೊಡ್ಡ ಹಸಿರು ಬಟನ್ ಮೇಲೆ ಸಲ್ಲಿಸಿ ಅನ್ನೋದು ಸಲಿಸಿ ಆಗಿದೆ. ಅಂಗಡಿ ಹುಡ್ಗ ಬೇರೆ ನಗ್ತಿದ್ದ.

ವಾಪಸ್ ಆಫೀಸಿಗೆ ಬಂದು ಡೆವಲಪರ್ ಮೇಲೆ ರೇಗಿದೆ. ಹುಬ್ಬಳ್ಳಿಯವ್ರು, ತಣ್ಣಗೆ ಹೇಳಿದ್ರು, "ನೀವ ಫಿಕ್ಸೆಡ್ ಹೈಟ್ ಕೊಟ್ಟೀರಿ ಮೇಡಂ, ನಾನೂ ಹಂಗ ಹಾಕೀನಿ." ಫೈಲ್ ತೆಗೆದ್ರೆ ಹೌದು. 14ರ ಅಕ್ಷರಕ್ಕೆ 16 ಲೈನ್ ಹೈಟು (ಒಂದು ಸಾಲಿಗೆ ಸಿಗೋ ಎತ್ತರ), ಡಬ್ಬಿಗೂ ಅಷ್ಟೇ ಎತ್ತರ, ಹೊರಗೆ ಬಂದಿದ್ದನ್ನ ಕತ್ತರ್ಸು ಅಂತ ಬೇರೆ ಟಿಕ್. ಇಂಗ್ಲಿಷಿಗೆ ಅದು ಸಾಕಾಗುತ್ತೆ, ಜಿ ವೈ ಥರದ ನಾಲ್ಕೈದು ಅಕ್ಷರಕ್ಕೆ ಮಾತ್ರ ಬಾಲ, ಅದೂ ಗಿಡ್ಡ. ನಮ್ಮಲ್ಲಿ ಒತ್ತಕ್ಷರ ಇಡೀ ಒಂದು ಅಂತಸ್ತು ಕೆಳಗಿಳಿಯುತ್ತೆ, ಸ್ತ್ರೀ ರಾಷ್ಟ್ರ ಅಂತ ಬಂದ್ರೆ ಎರಡೆರಡು ಒತ್ತು. ಇನ್ನೊಂದು ವಿಷ್ಯ, ಇಂಟರ್ ಫಾಂಟಲ್ಲಿ ಕನ್ನಡ ಅಕ್ಷರಾನೇ ಇಲ್ಲ, ಹಾಗಾಗಿ ಫೋನು ತನ್ ಹತ್ರ ಇರೋ ಬೇರೆ ಕನ್ನಡ ಫಾಂಟ್ ಎಳ್ಕೊಂಡ್ ಬರುತ್ತೆ, ಅದ್ರ ಅಳತೆ ಬೇರೆ. ನಾನ್ ಡಿಸೈನ್ ಮಾಡಿದ್ದು ಒಂದು ಅಕ್ಷರಕ್ಕೆ, ಅಂಗಡಿಯವ್ರು ಓದಿದ್ದು ಇನ್ನೊಂದು.

ಆಮೇಲೆ ಒಂದು ತಿಂಗಳು ಕೂತು ಫಿಗ್ಮಾದ ಆಟೋ ಲೇಔಟ್ (ಡಬ್ಬಿಗಳು ತಾವೇ ಹೊಂದ್ಕೊಂಡು ಕೂರೋ ಸೌಲಭ್ಯ) ಮೊದ್ಲಿಂದ ಕಲ್ತೆ, ಮೂರು ವರ್ಷದಿಂದ ದಿನಾ ಬಳಸ್ತಿದ್ದ ಟೂಲಲ್ಲಿ! ಹಗ್ ಕಂಟೆಂಟ್ಸ್ ಅಂತ ಕೊಟ್ರೆ ಒಳಗಿನ ಮಾತು ಎಷ್ಟಿದ್ಯೋ ಡಬ್ಬಿ ಅಷ್ಟಾಗುತ್ತೆ, ಆಂಡ್ರಾಯ್ಡ್‌ನಲ್ಲಿ ಅದನ್ನೇ ರ‍್ಯಾಪ್ ಕಂಟೆಂಟ್ ಅಂತಾರೆ, ವೆಬ್‌ನೋರಿಗೆ ಆಟೋ ಲೇಔಟ್ ತೋರ್ಸಿದ್ರೆ ಓ ಇದು ನಮ್ ಫ್ಲೆಕ್ಸ್‌ಬಾಕ್ಸ್ ಅಂತಾರೆ. ಅವತ್ತಿಂದ ಡೆವಲಪರ್ ಜೊತೆ ಜಗಳ ಅರ್ಧಕ್ಕರ್ಧ ಕಮ್ಮಿ, ಇಬ್ರೂ ಒಂದೇ ಭಾಷೆ ಮಾತಾಡ್ತಿದೀವಿ ಅನ್ನೋ ಹಂಗೆ. ಅದಕ್ಕೇ ವೆಬ್ ಪೇಜ್ ಕಟ್ಟೋ ಎಚ್‌ಟಿಎಂಎಲ್ ಸಿಎಸ್‌ಎಸ್ ಸ್ವಲ್ಪನಾದ್ರೂ ಬರ್ಲಿ ಅಂತೀನಿ, ಕೋಡ್ ಬರ್ಯೋಕಲ್ಲ, ಡಬ್ಬಿ ಒಳಗೆ ಡಬ್ಬಿ ಹೆಂಗೆ ಕೂರುತ್ತೆ ಅಂತ ಗೊತ್ತಾಗೋಕೆ. ಕ್ರೋಮಲ್ಲಿ ಯಾವ್ ಸೈಟ್ ಆದ್ರೂ ಸರಿ ರೈಟ್ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ಒತ್ತಿ, ಒಂದು ಬಟನ್ನಿನ ಮಾತನ್ನ ಅಳಿಸಿ ಅಲ್ಲಿ ಉದ್ದ ಕನ್ನಡ ಪದ ಟೈಪ್ ಮಾಡಿ ನೋಡಿ. ಬಿಟ್ಟಿ ಪಾಠ.

ಅಪ್ಲಿಕೇಶನ್ ಹೆಸ್ರು ಬಾಯಿಪಾಠ ಮಾಡೋರ್ನ ನೋಡಿದ್ರೆ ಪಾಪ ಅನ್ಸುತ್ತೆ. ಸ್ಕೆಚ್ ಅನ್ನೋ ಡಿಸೈನ್ ಟೂಲ್ 2010ರಲ್ಲಿ ಬಂತು, ಅದು ಮ್ಯಾಕಲ್ಲಿ ಮಾತ್ರ, ನನ್ ಸೀನಿಯರ್ ಒಬ್ರು ಅದಕ್ಕೋಸ್ಕರ ಸಾಲ ಮಾಡಿ ಮ್ಯಾಕ್ ತಗೊಂಡಿದ್ರು. ಫಿಗ್ಮಾ 2016ರಲ್ಲಿ ಎಲ್ರಿಗೂ ಸಿಕ್ತು, ಬ್ರೌಸರಲ್ಲೇ ಓಡುತ್ತೆ, ನನ್ ಹಳೇ ವಿಂಡೋಸ್ ಲ್ಯಾಪ್‌ಟಾಪಲ್ಲೂ. ಇನ್‌ವಿಷನ್ ಅನ್ನೋ ಇನ್ನೊಂದು ಟೂಲ್ 2024ರ ಕೊನೆಗೆ ಬಾಗಿಲು ಹಾಕ್ತು. ಅಡೋಬಿಯವ್ರು ತಮ್ ಡಿಸೈನ್ ಟೂಲ್ ಎಕ್ಸ್‌ಡಿನ ಬಿಡಿಯಾಗಿ ಮಾರೋದೇ ನಿಲ್ಸಿದ್ರು, ಅದ್ಕೂ ಮುಂಚೆ 2022ರಲ್ಲಿ 2,000 ಕೋಟಿ ಡಾಲರ್ ಕೊಟ್ಟು ಫಿಗ್ಮಾನೇ ಕೊಂಡ್ಕೊತೀವಿ ಅಂತ ಹೊರಟಿದ್ರು, ಯುರೋಪು ಬ್ರಿಟನ್ ಒಪ್ಲಿಲ್ಲ, 2023ರ ಡಿಸೆಂಬರಲ್ಲಿ ಕೈಬಿಟ್ರು. ಪಾಂಪ್ಲೆಟಲ್ಲಿ ಇನ್ನೂ ಎಕ್ಸ್‌ಡಿ ಲೋಗೋ ಇದ್ರೆ ಫೀಸ್ ಕಟ್ಟೋ ಮುಂಚೆ ಒಂದ್ಸಲ ಯೋಚ್ನೆ ಮಾಡಿ. ದುಡ್ಡಿಲ್ಲ ಅಂದ್ರೆ ಪೆನ್‌ಪಾಟ್ ಇದೆ, ಓಪನ್ ಸೋರ್ಸು, ಮತ್ತೆ ಸ್ಟೂಡೆಂಟ್ಸ್‌ಗೆ ಫಿಗ್ಮಾ ಫ್ರೀ.

ಪಾಂಪ್ಲೆಟಲ್ಲಿ ಇಲ್ದೇ ಇರೋದು ಏನಪ್ಪ ಅಂದ್ರೆ ಗೂಗಲ್ ಶೀಟ್ಸ್. ಈಗ ನಾನು ಡಿಸೈನ್ ಶುರು ಮಾಡೋಕೆ ಮುಂಚೆನೇ ಶೀಟ್ ತೆಗೀತೀನಿ, ಒಂದು ಕಾಲಮ್ಮಲ್ಲಿ ಇಂಗ್ಲಿಷು, ಪಕ್ಕದಲ್ಲಿ ಕನ್ನಡ, ಅದ್ರ ಪಕ್ಕ ಯಾವ್ ಸ್ಕ್ರೀನು ಅಂತ. ಆ ಮಾತೆಲ್ಲ ಫಿಗ್ಮಾದಲ್ಲಿ ವೇರಿಯಬಲ್ಸ್ ಅನ್ನೋ ಖಾನೆಗಳಿಗೆ ಹಾಕಿ ಭಾಷೆಗೊಂದು ಮೋಡ್ ಮಾಡ್ಕೊಂಡ್ರೆ ಒಂದು ಕ್ಲಿಕ್ಕಿಗೆ ಇಡೀ ಸ್ಕ್ರೀನ್ ಕನ್ನಡ ಆಗುತ್ತೆ, ಎಲ್ಲೆಲ್ಲಿ ಕಿತ್ಕೊಂಡ್ ಬರುತ್ತೆ ಅಲ್ಲೇ ಕಾಣುತ್ತೆ.

ಇನ್ನೊಂದು, ಒಂದು ಅಗ್ಗದ ಆಂಡ್ರಾಯ್ಡ್ ಫೋನು. ನಂದು ಎಸ್‌ಪಿ ರೋಡಲ್ಲಿ ತಗೊಂಡಿದ್ದು, ಸೆಕೆಂಡ್ ಹ್ಯಾಂಡು, ಮೂಲೇಲಿ ಗ್ಲಾಸ್ ಒಡ್ದಿದೆ. ಸೆಟ್ಟಿಂಗ್ಸಲ್ಲಿ ಅಕ್ಷರ ದೊಡ್ಡದ್ ಮಾಡಿಟ್ಟಿದೀನಿ, ನಮ್ಮಮ್ಮನ ಫೋನ್ ಥರ. ಬ್ರೈಟ್‌ನೆಸ್ ತಗ್ಗಿಸಿ ಬಿಸಿಲಿಗೆ ಹೋಗಿ ನೋಡಿದ್ರೆ ಆ ತಿಳಿ ಬೂದು ಅಕ್ಷರ ಎಷ್ಟು ದಂಡ ಅಂತ ತಿಳಿಯುತ್ತೆ. ಅಕ್ಷರಕ್ಕೂ ಹಿಂದಿನ ಬಣ್ಣಕ್ಕೂ 4.5ಕ್ಕೆ 1ರಷ್ಟಾದ್ರೂ ಕಾಂಟ್ರಾಸ್ಟ್ ಇರ್ಬೇಕು ಅನ್ನೋ ರೂಲ್ ನಂಗೆ ಪುಸ್ತಕದಿಂದ ತಲೆಗೆ ಹತ್ಲಿಲ್ಲ, ಬಿಎಂಟಿಸಿ ಸ್ಟಾಪಲ್ಲಿ ಮಧ್ಯಾಹ್ನ ನಿಂತಾಗ ಹತ್ತಿದ್ದು.

ಲೊರೆಮ್ ಇಪ್ಸಮ್ ಅಂತ ಜಾಗ ತುಂಬೋಕೆ ಹಾಕೋ ಅರ್ಥವಿಲ್ಲದ ಮಾತು ತುಂಬೋದು ಬಿಟ್ಬಿಟ್ಟಿದೀನಿ. ಹೊಸ ಫೈಲ್ ತೆಗೆದ್ರೆ ಮೊದಲ ಬಟನ್ನಿಗೆ ಬೆಲ್ಲ ಅಂತ್ಲೇ ಬರೆಯೋದು. ಈಗಿನ ಟೀಮಲ್ಲಿ ಕನ್ನಡ ಬರ್ದೇ ಇರೋರೇ ಜಾಸ್ತಿ, ಮೊನ್ನೆ ಅವ್ರಲ್ಲೊಬ್ಳು ರಿವ್ಯೂನಲ್ಲಿ ಸ್ಕ್ರೀನ್ ತೋರ್ಸಿ ಕೇಳಿದ್ಳು, "ಕೆಳಗಡೆ ಆ ಬಾಲ ಪೂರ್ತಿ ಕಾಣ್ತಿದ್ಯಾ, ಇಲ್ಲ ಕಟ್ ಆಗಿದ್ಯಾ?"